ಎಣಿಸದ ನೀರು

ಫೆಬ್ರವರಿ ಒಂಬತ್ತು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಪುಟ್ಟಿ ಕಲ್ಲಿನ ತೊಟ್ಟಿಯ ಪಕ್ಕ ಮಂಡಿಯೂರಿ, ಕೈಚೀಲದಿಂದ ಉಕ್ಕಿನ ಅಳತೆಪಟ್ಟಿ ತೆಗೆದು ನೀರಿಗೆ ನೇರವಾಗಿ ಇಳಿಸಿದಳು. ಇನ್ನೂರ ಹನ್ನೆರಡು ಮಿಲಿಮೀಟರ್. ಪಟ್ಟಿಯನ್ನು ಕರವಸ್ತ್ರದಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಬಾಗಿಲ ಕಡೆ ನೋಡಿದಳು. ಅಪ್ಪ ಹೊರಗೆ ಜಮಖಾನೆ ಕೊಡವುತ್ತಿದ್ದರು. ಧೂಳಿಗೆ ಅವರು ಸೀನಿದ ಸದ್ದು ಕೇಳಿಸಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ತಾನು ಯಾರನ್ನೂ ನೋಡದಿದ್ದರೆ ತನ್ನನ್ನೂ ಯಾರೂ ನೋಡಿಲ್ಲ ಎಂದುಕೊಂಡು ಎದ್ದಳು.

ನಲವತ್ತೊಂದು ವರ್ಷವಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಕಚೇರಿಯಲ್ಲಿ ಮಾತ್ರ ಎಲ್ಲರೂ ಮೇಡಂ ಎನ್ನುತ್ತಿದ್ದರು. ನಗರದ ನೀರು ಸರಬರಾಜಿನವರ ಮೀಟರ್ ಪರೀಕ್ಷಾ ಕೇಂದ್ರದಲ್ಲಿ ಅವಳಿಗೆ ಕೆಲಸ. ಮನೆಮನೆಯ ನೀರಿನ ಮೀಟರುಗಳು ಸರಿಯಾಗಿ ತಿರುಗುತ್ತಿವೆಯೋ, ಓಡುತ್ತಿವೆಯೋ, ಕುಂಟುತ್ತಿವೆಯೋ ಎಂದು ಅಳೆದು ನೋಡುವುದು. ಒಂದು ಲೀಟರ್ ಎಂದರೆ ಒಂದು ಲೀಟರೇ ಆಗಿರಬೇಕು ಎಂಬ ನಂಬಿಕೆಯಲ್ಲಿ ಹದಿನೆಂಟು ವರ್ಷ ಕಳೆದವಳು. ಅಂಥವಳು ಹುಟ್ಟಿದ್ದು ಮಾತ್ರ ಎಣಿಸಬಾರದು ಎನ್ನುವವರ ಮನೆಯಲ್ಲಿ.

ಊರಿನವರು ಅವರನ್ನು 'ಬೊಗಸೆಯವರು' ಎನ್ನುತ್ತಿದ್ದರು. ಅವರಿಗೆ ಗ್ರಂಥವಿಲ್ಲ, ಗೋಪುರವಿಲ್ಲ. ಇಂಥವರೇ ಶುರು ಮಾಡಿದರು ಎಂದು ತೋರಿಸಲು ಒಬ್ಬ ಮೂಲಪುರುಷನೂ ಇಲ್ಲ. ಇರುವುದು ಒಂದು ಕಲ್ಲಿನ ತೊಟ್ಟಿ. ಬಂದವರು ಮನೆಯಿಂದ ತಂದ ನೀರನ್ನು ಎರಡೂ ಕೈ ಸೇರಿಸಿ ಒಂದು ಬೊಗಸೆ ಅದಕ್ಕೆ ಸುರಿದು, ಸ್ವಲ್ಪ ಹೊತ್ತು ಸುಮ್ಮನೆ ಕೂತು ಹೋಗುತ್ತಾರೆ. ಸೇರಿದ ಮೇಲೆ ಯಾರ ನೀರು ಯಾವುದು ಎಂದು ಕೇಳುವಂತಿಲ್ಲ. ತೊಟ್ಟಿ ಎಂದೂ ಒಣಗಬಾರದು, ಜನರನ್ನು ಎಂದೂ ಎಣಿಸಬಾರದು, ಈ ಎರಡೇ ಕಟ್ಟಳೆ. 'ಎಣಿಸಿದರೆ ಒಬ್ಬೊಬ್ಬರು, ಎಣಿಸದಿದ್ದರೆ ನಾವು' ಎಂದು ಪುಟ್ಟಿಯ ಅಜ್ಜಿ ಹೇಳುತ್ತಿದ್ದರು.

ಇದರ ಪಾಡು ಪುಟ್ಟಿಗೆ ಶಾಲೆಯಲ್ಲೇ ಗೊತ್ತಾಗಿತ್ತು. ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಮೇಷ್ಟ್ರು ಕೇಳಿದಾಗ, "ನಾವೆಲ್ಲ ಇದ್ದೀವಿ ಸಾರ್" ಎಂದಿದ್ದಳು. ತರಗತಿ ಬಿದ್ದು ಬಿದ್ದು ನಕ್ಕಿತ್ತು. ಆ ವರ್ಷದ ಪಾಠದಲ್ಲಿ ಜಗತ್ತಿನ ಧರ್ಮಗಳನ್ನು ದುಂಡಗಿನ ಚಿತ್ರವೊಂದರಲ್ಲಿ ಹೋಳು ಮಾಡಿ ತೋರಿಸಿದ್ದರು. ಒಂದೊಂದು ಪ್ರಮುಖ ಧರ್ಮಕ್ಕೆ ಒಂದೊಂದು ಬಣ್ಣ. ಕೊನೆಗೆ ಬೂದು ಬಣ್ಣದ ಒಂದು ಎಳೆ, 'ಇತರೆ'. ನಮ್ಮದು ಎಲ್ಲಿದೆ ಎಂದು ಕೇಳಿದರೆ ಮೇಷ್ಟ್ರು ಬೂದು ಎಳೆಯ ಮೇಲೆ ಸೀಮೆಸುಣ್ಣ ಇಟ್ಟು, "ಇದರೊಳಗೆ ಎಲ್ಲೋ ಇರುತ್ತೆ ಕೂತ್ಕೋ" ಎಂದಿದ್ದರು. ಜನಗಣತಿಯವರು ಬಂದಾಗ ಸೋದರತ್ತೆ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಹೋಗಿ ಕೂರುತ್ತಿದ್ದಳು. ಅಪ್ಪ ನಗುತ್ತಾ, "ಇದ್ದೀವಿ, ನೀವೇ ನೋಡ್ಕೊಳ್ಳಿ" ಎನ್ನುತ್ತಿದ್ದರು. ಹೀಗೆ ನೋಡಿಕೊಂಡವರೆಲ್ಲ ಅವರನ್ನು ಬೂದು ಎಳೆಗೇ ಸೇರಿಸಿದ್ದರು. ಅದರಿಂದ ಇಷ್ಟು ವರ್ಷ ಯಾರಿಗೂ ಏನೂ ನಷ್ಟವಾಗಿರಲಿಲ್ಲ.

ನಷ್ಟ ಬಂದದ್ದು ಈಗ. ತೊಟ್ಟಿ ಇದ್ದ ಕೋಣೆ ಹಳೆಯ ಮಾರುಕಟ್ಟೆ ಕಟ್ಟಡದ ಕೊನೆಯಲ್ಲಿತ್ತು. ಒಂದು ಪಕ್ಕ ದರ್ಜಿಯ ಅಂಗಡಿ, ಇನ್ನೊಂದು ಪಕ್ಕ ಬೀಗ ರಿಪೇರಿಯವನದು. ಗೋಡೆ ಬಿರುಕು ಬಿಟ್ಟಿದೆ, ಮಾರ್ಚ್ ಮುಗಿಯುವುದರೊಳಗೆ ಕೆಡವುತ್ತೇವೆ ಎಂದು ನಗರಸಭೆ ಹೇಳಿತು. ಸುಮ್ಮನೆ ಬೀದಿಗೆ ತಳ್ಳುವುದಿಲ್ಲ, ಎದುರು ಬೀದಿಯಲ್ಲಿ ಎಲ್ಲ ಧರ್ಮದವರಿಗೂ ಸೇರಿ ಹೊಸ ಭವನ ಕಟ್ಟಿದ್ದೇವೆ ಎಂದೂ ಹೇಳಿತು.

ವಿಚಾರಿಸಲು ಹೋದ ಪುಟ್ಟಿಯನ್ನು ಕೊಠಡಿ ಹಂಚುವ ಅಧಿಕಾರಿ ಕೂರಿಸಿ, ಬಿಡಿಸಿ ಹೇಳಿದ್ದ. ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡ, ಒಳ್ಳೆಯ ಮನುಷ್ಯ.

"ನೋಡಿ ಮೇಡಂ, ಪ್ರಮುಖ ಧರ್ಮದವರಿಗೆ ಮೊದಲ ಮಹಡೀಲಿ ದೊಡ್ಡ ಹಾಲ್. ಈ ಊರಲ್ಲಿ ನೂರೈವತ್ತು ಜನಕ್ಕೆ ಮೇಲಿರೋ ಸಣ್ಣ ಪಂಗಡಕ್ಕೆ ಕೆಳಗೆ ಒಂದೊಂದು ಕೊಠಡಿ. ಅದಕ್ಕೂ ಕಮ್ಮಿ ಇದ್ದೋರಿಗೆ 'ಇತರೆ' ಅಂತ ಒಂದೇ ಕೊಠಡಿ, ವಾರಕ್ಕೆ ಒಂದು ಗಂಟೆ. ಗಂಟೆ ಮುಗಿದ ಮೇಲೆ ಒಂದು ಕಡ್ಡೀನೂ ಒಳಗೆ ಬಿಡೋ ಹಾಗಿಲ್ಲ."

"ನಮ್ಮದು ಕಲ್ಲಿನ ತೊಟ್ಟಿ ಸಾರ್. ವಾರ ವಾರ ಎತ್ತಿ ಒಯ್ಯೋಕಾಗಲ್ಲ. ನೀರು ಖಾಲಿ ಮಾಡೋ ಹಾಗೂ ಇಲ್ಲ."

"ಹಾಗಾದ್ರೆ ನೂರೈವತ್ತು ತೋರಿಸಿ, ಮುಗೀತು. ಎಷ್ಟು ಜನ ಇದ್ದೀರಿ?"

ಪುಟ್ಟಿ ಬಾಯಿ ತೆರೆದಳು. "ಇದ್ದೀವಿ" ಎಂಬ ಮಾತು ನಾಲಿಗೆ ತುದಿಗೆ ಬಂದು ನಿಂತಿತು. ಎಣಿಸುವುದಿಲ್ಲ ಎಂದು ಹೇಳಿದಳು.

ಅಧಿಕಾರಿ ಕನ್ನಡಕ ತೆಗೆದ. "ಇದೊಳ್ಳೇ ಪೇಚಾಯ್ತಲ್ಲ. ಮಕ್ಕಳಾಟದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಹಾಗಾಯ್ತು ನಿಮ್ಮದು."

"ಒಂದು ಧರ್ಮ ಪ್ರಮುಖ ಅಂತ ಯಾರು ತೀರ್ಮಾನ ಮಾಡೋದು ಸಾರ್?"

"ಅದು ನನಗೆ ಮೇಲಿಂದ ಬಂದಿರೋದು. ಮೇಲಿನೋರಿಗೆ ಇನ್ನೂ ಮೇಲಿಂದ." ಅವನು ನಕ್ಕ. "ನಿಜ ಹೇಳ್ಲಾ? ಹಿಂದೆ ಯಾವನೋ ರಾಜ ಒಪ್ಕೊಂಡಿದ್ರೆ ದೊಡ್ಡದು. ಅವನ ಸೈನ್ಯ ಎಲ್ಲೆಲ್ಲಿ ನಡೀತೋ ಅಲ್ಲೆಲ್ಲ ದಾರಿ. ಆಮೇಲೆ ಒಂದು ಪುಸ್ತಕ, ಹತ್ತು ಕಟ್ಟಡ, ನನ್ನಂಥ ಒಬ್ಬ ಗುಮಾಸ್ತ. ನಮ್ಮದೇ ನೋಡಿ, ಕೋಟಿಗಟ್ಟಲೆ ಇದ್ದೀವಿ. ನಾನು ಪ್ರಾರ್ಥನೆಗೆ ಹೋಗಿ ಎಷ್ಟೋ ವರ್ಷ ಆಯ್ತು, ಮದುವೆ ಊಟಕ್ಕೆ ಹೋಗಿದ್ದೇ ಕೊನೆ. ಆದ್ರೂ ಪ್ರತಿ ಸಲ ನನ್ನ ಎಣಿಸ್ತಾರೆ. ನೀವು ವಾರ ವಾರ ಹೋಗ್ತೀರಿ, ನಿಮ್ಮನ್ನ ಎಣಿಸೋರಿಲ್ಲ."

ಅಂದು ಮನೆಗೆ ಬಂದು ಅವಳು ಅಪ್ಪನಿಗೆ ಎಲ್ಲ ಹೇಳಿದ್ದಳು. ಅಪ್ಪ ಮೂವತ್ತಾರು ವರ್ಷದಿಂದ ತೊಟ್ಟಿ ಕಾಯುವವರು. ಬೆಳಗ್ಗೆ ಬಾಗಿಲು ತೆರೆದು, ನೀರಿನ ಮೇಲೆ ಬಿದ್ದ ಧೂಳನ್ನು ಬಟ್ಟೆಯಲ್ಲಿ ಎತ್ತಿ, ಮೊದಲ ಬೊಗಸೆ ಸುರಿಯುವುದು ಅವರ ಕೆಲಸ. ಅದಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ. ಎಲ್ಲ ಕೇಳಿಸಿಕೊಂಡು, "ನೋಡೋಣ ಬಿಡು" ಎಂದರು. ಆಮೇಲೆ ಊಟಕ್ಕೆ ಕೂತವರು ಅನ್ನ ಕಲಸಿದ್ದೇ ಬಂತು, ತುತ್ತು ಎತ್ತಲಿಲ್ಲ. ಅಪ್ಪನ ಕಣ್ಣೆದುರು ತೊಟ್ಟಿ ಒಣಗಬಾರದು ಎಂದು ಪುಟ್ಟಿ ಅವತ್ತೇ ನಿಶ್ಚಯಿಸಿದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ದಾರಿ ಹೊಳೆದದ್ದು ಕಚೇರಿಯಲ್ಲಿ, ಮೀಟರ್ ಮುಂದೆ ಕೂತಿದ್ದಾಗ. ಜನರನ್ನು ಎಣಿಸಬಾರದು, ಸರಿ. ನೀರನ್ನು ಅಳೆದರೆ? ತೊಟ್ಟಿಯ ಒಳಗಿನ ಉದ್ದ ನೂರಿಪ್ಪತ್ತು ಸೆಂಟಿಮೀಟರ್, ಅಗಲ ಐವತ್ತು. ನೀರು ಒಂದು ಮಿಲಿಮೀಟರ್ ಏರಬೇಕಾದರೆ ಆರುನೂರು ಮಿಲಿಲೀಟರ್ ಬೇಕು. ವರ್ಷಕ್ಕೊಮ್ಮೆ, ಕೂಡುವ ದಿನದಂದು, ನಡೆಯಬಲ್ಲವರೆಲ್ಲ ಬಂದೇ ಬರುತ್ತಾರೆ. ಅಂದು ನೀರು ಎಷ್ಟು ಏರಿತು ಎಂದು ನೋಡಿ ಒಂದು ಬೊಗಸೆಯಿಂದ ಭಾಗಿಸಿದರಾಯಿತು. ಕಚೇರಿಯವರಿಂದ ಅಳತೆಯ ಗಾಜಿನ ಪಾತ್ರೆಗೆ ಬೊಗಸೆ ಸುರಿಸಿಕೊಂಡಳು. ಮೇಡಂಗೆ ಏನೋ ಆಗಿದೆ ಎಂದು ಅವರು ಮುಖಮುಖ ನೋಡಿಕೊಂಡರು. ಸೊಪ್ಪು ತೊಳೆಯುವ ನೆಪದಲ್ಲಿ ಅತ್ತೆಯದನ್ನೂ ಅಳೆದಳು. ಸರಾಸರಿ ನೂರೈದು ಮಿಲಿಲೀಟರ್ ಬಂತು.

ಇದು ಜನರ ಎಣಿಕೆಯಲ್ಲ, ನೀರಿನ ಅಳತೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಒಂದೆರಡು ಸಲವಲ್ಲ, ನಿದ್ದೆ ಬರುವವರೆಗೂ.

ಕೂಡುವ ದಿನವಾದ ಆ ಭಾನುವಾರ ನಾಲ್ಕು ಗಂಟೆಗೆ ಜನ ಬರತೊಡಗಿದರು. ಬಾಟಲಿ, ಚೊಂಬು, ಔಷಧದ ಶೀಸೆ, ಮಕ್ಕಳ ಶಾಲೆಯ ನೀರಿನ ಡಬ್ಬಿ, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ನೀರು ತಂದಿದ್ದರು. ಬಾಗಿಲ ಬಳಿ ಚಪ್ಪಲಿಗಳು ದರ್ಜಿಯ ಅಂಗಡಿಯವರೆಗೂ ಹರಡಿಕೊಂಡವು. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, "ಇವತ್ತು ಕಾಲಿಡೋಕೆ ಜಾಗ ಇಲ್ಲ ನೋಡಿ" ಎಂದ.

ಅತ್ತೆ ಗೋಡೆಗೆ ಒರಗಿ ಕೂತು ಪುಟ್ಟಿಯನ್ನು ಕೆಣಕಿದಳು. "ಏನೇ, ಬಂದಾಗಿಂದ ತೊಟ್ಟೀನೇ ನೋಡ್ತಿದ್ದೀಯಾ. ಮೀನು ಬಿಟ್ಟಿದ್ದೀಯಾ ಅದರಲ್ಲಿ?"

"ಇಲ್ಲ ಅತ್ತೆ, ಸುಮ್ನೆ."

"ಸುಮ್ನೆ ನೋಡೋಳಲ್ಲ ನೀನು. ಹುಟ್ಟಿದಾಗ್ಲೂ ಸೂಲಗಿತ್ತಿ ಮುಖಾನ ಅಳತೆ ತಗೊಳ್ಳೋ ಹಾಗೆ ನೋಡ್ದೋಳು."

ಸುತ್ತಲಿದ್ದವರು ನಕ್ಕರು. ಪುಟ್ಟಿಯೂ ನಕ್ಕಳು. ಎಲ್ಲರೂ ಹೋದ ಮೇಲೆ, ಅಪ್ಪ ಬೀದಿಯವರೆಗೆ ಯಾರನ್ನೋ ಕಳಿಸಿಬರಲು ಹೋದಾಗ, ಮತ್ತೆ ಪಟ್ಟಿ ಇಳಿಸಿದಳು. ಇನ್ನೂರ ನಲವತ್ತಮೂರು. ಏರಿದ್ದು ಮೂವತ್ತೊಂದು ಮಿಲಿಮೀಟರ್. ಹದಿನೆಂಟು ಲೀಟರ್ ಆರುನೂರು. ನೂರೈದರಿಂದ ಭಾಗಿಸಿದರೆ ನೂರ ಎಪ್ಪತ್ತೇಳು. ಹದಿನೈದು ಹೆಚ್ಚುಕಮ್ಮಿ ಎಂದಿಟ್ಟುಕೊಂಡರೂ ನೂರೈವತ್ತರ ಮೇಲೆಯೇ. ಅವಳಿಗೆ ಕುಣಿಯಬೇಕೆನಿಸಿತು. ಆದರೆ ಹುಟ್ಟಿದಾಗಿನಿಂದ 'ನಾವು' ಆಗಿದ್ದದ್ದು ಈಗ ಒಂದು ಅಂಕಿಯಾಗಿತ್ತು. ಒಮ್ಮೆ ಗೊತ್ತಾದದ್ದು ಇನ್ನು ಗೊತ್ತಿಲ್ಲದಂತೆ ಆಗುವುದಿಲ್ಲ.

ಸೋಮವಾರ ಅಧಿಕಾರಿ ಅವಳ ಲೆಕ್ಕವನ್ನು ಎರಡು ಸಲ ಕೇಳಿಸಿಕೊಂಡ. ಮೆಚ್ಚಿ ತಲೆದೂಗಿದ. "ಭೇಷ್. ಹೆಸರು ಬೇಡ, ತಲೆ ಎಣಿಸೋದು ಬೇಡ. ನಾನು ಒಪ್ತೀನಿ. ಆದ್ರೆ ನಿಮ್ಮ ಹಿರಿಯರೊಬ್ಬರು ಬಂದು, ಹೌದು, ನೂರೈವತ್ತರ ಮೇಲಿದ್ದೀವಿ ಅಂತ ಬಾಯಲ್ಲಿ ಹೇಳಿಬಿಡಲಿ. ಸಹಿಯೂ ಬೇಡ. ನಾಳೆ ಯಾರಾದ್ರೂ ಕೇಳಿದ್ರೆ, ನನ್ನ ಮುಂದೆ ಹೇಳಿದ್ರು ಅನ್ನಬೇಕಲ್ಲ."

ಬುಧವಾರ ಅವಳು ಅಪ್ಪನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಕೊಠಡಿ ಸಿಗುವ ಹಾಗಿದೆ, ನೀವು ಬಂದು ಒಂದು ಮಾತು 'ಹೌದು' ಅಂದರೆ ಸಾಕು ಎಂದಷ್ಟೇ ಹೇಳಿದ್ದಳು. ಉಳಿದದ್ದನ್ನು ದಾರಿಯಲ್ಲಿ ಹೇಳೋಣ ಎಂದುಕೊಂಡಳು. ಬಸ್ಸಿನಲ್ಲಿ ಗದ್ದಲ. ಇಳಿದ ಮೇಲೆ ಹೇಳೋಣ ಎಂದುಕೊಂಡಳು. ಇಳಿದ ಮೇಲೆ ಅಪ್ಪ, "ನಿನ್ನಿಂದ ಒಂದು ಕೆಲಸ ಆಯ್ತು ಕಣೇ" ಎಂದು ಅವಳ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಅವಳಿಗೆ ಹೇಳಲಾಗಲಿಲ್ಲ.

ಅಧಿಕಾರಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಟೀ ತರಿಸಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಯಜಮಾನ್ರೇ, ಮಗಳು ಅಂದ್ರೆ ಹೀಗಿರಬೇಕು. ತೊಟ್ಟಿ ನೀರು ಏರಿದ್ದು ನೋಡಿ ನೀವು ಎಷ್ಟು ಜನ ಅಂತ ಹೇಳಿಬಿಟ್ರಲ್ಲ. ನಮ್ಮ ಗಣತಿಯೋರಿಗೂ ಇಷ್ಟು ಬುದ್ಧಿ ಇಲ್ಲ."

ಅಪ್ಪ ಟೀ ಲೋಟ ಮೇಜಿನ ಮೇಲಿಟ್ಟರು. ಪುಟ್ಟಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಅದಿದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ನೀರು ಅಳೆದ್ಯಾ?"

"ನೀರು ಮಾತ್ರ ಅಪ್ಪ. ಜನರನ್ನ ಎಣಿಸಿಲ್ಲ."

"ಅದರಲ್ಲಿ ಇನ್ನೇನಿತ್ತಮ್ಮ, ಜನ ಬಿಟ್ಟು?"

ಅಧಿಕಾರಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. "ಯಜಮಾನ್ರೇ, ನೀವು ಅಂಕಿ ಹೇಳೋದೇ ಬೇಡ. ಹೌದು ಅಂತ ತಲೆ ಆಡಿಸಿದ್ರೂ ಸಾಕು. ಕೊಠಡಿ ನಿಮ್ಮದು."

"ನನ್ನ ಮಗಳು ಹೇಳಿದ್ದು ಸುಳ್ಳಲ್ಲ ಸಾರ್. ಅಳತೆ ತಪ್ಪೋಳಲ್ಲ ಅವಳು." ಅಪ್ಪ ನಿಧಾನವಾಗಿ, ಪ್ರತಿ ಮಾತನ್ನೂ ಒರೆಸಿ ಇಡುವವರಂತೆ ಹೇಳಿದರು. "ಆದ್ರೆ ಎಣಿಸಬಾರದು ಅಂದ್ಮೇಲೆ, ಲೆಕ್ಕಕ್ಕೆ ಸಿಕ್ಕಿದ ನೀರು ತೊಟ್ಟೀಲಿ ನಿಲ್ಲೋ ಹಾಗಿಲ್ಲ. ಅದನ್ನ ಚೆಲ್ಲಬೇಕು. ಹೌದು ಅಂದ್ರೆ ನೀವು ಕೊಠಡಿ ಕೊಡ್ತೀರಿ, ಅದರಲ್ಲಿ ಇಡೋಕೆ ನನ್ನ ಹತ್ರ ನೀರಿಲ್ಲ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ನಾನೇನು ಹೇಳ್ಲಿ, ನೀವೇ ಹೇಳಿ."

"ಬೇರೆ ನೀರು ತುಂಬಿಸಿದ್ರಾಯ್ತಲ್ಲ?"

"ಯಾವ ನೀರು ಸಾರ್? ಅದರಲ್ಲಿ ನನ್ನ ತಾತನ ಬೊಗಸೆ ಇತ್ತು."

ಅಧಿಕಾರಿ ಪುಟ್ಟಿಯನ್ನು ನೋಡಿದ. ಪುಟ್ಟಿ ನೆಲ ನೋಡಿದಳು. ಅತ್ತ ದರಿ, ಇತ್ತ ಪುಲಿ ಎಂದು ಕೇಳಿದ್ದಳು. ದರಿಯನ್ನು ತಾನೇ ತೋಡಿ, ಹುಲಿಯನ್ನು ತಾನೇ ಕರೆತಂದವರಿಗೆ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಎದ್ದು ಕೈಮುಗಿದು, "ಇದ್ದೀವಿ ಸಾರ್" ಎಂದರು. ಹೊರಗೆ ಬಂದರು.

ಮರಳುವ ಬಸ್ಸಿನಲ್ಲಿ ಪುಟ್ಟಿ, "ನೀವು ಯಾರಿಗೂ ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ ಅಪ್ಪ" ಎಂದಳು.

"ನನಗೆ ಗೊತ್ತಾಯ್ತಲ್ಲ."

"ನನ್ನ ಬೈಯಿರಿ."

"ಯಾಕೆ ಬೈಯಲಿ? ತೊಟ್ಟಿ ಉಳೀಲಿ ಅಂತ ಮಾಡಿದೆ. ನಾನೂ ಅದನ್ನೇ ನೋಡ್ತಾ ಕೂತಿದ್ದೆ, ನನಗೆ ದಾರಿ ಹೊಳೀಲಿಲ್ಲ. ನಿನಗೆ ಹೊಳೀತು. ಅಷ್ಟೇ." ಟಿಕೆಟ್ಟನ್ನು ಜೇಬಿಗೆ ಹಾಕಿಕೊಳ್ಳುತ್ತಾ, "ಓದಿಸಿದ್ದು ನಾನೇ ತಾನೆ" ಎಂದು ನಕ್ಕರು. ಅವಳು ಕಿಟಕಿಯ ಹೊರಗೆ ನೋಡಿದಳು.

ಅಂದೇ ಅವರು ನೀರು ಚೆಲ್ಲಿದರು. ಅಪ್ಪ ಚೊಂಬಿನಲ್ಲಿ ತುಂಬಿ ಬಕೆಟ್ಟಿಗೆ ಸುರಿಯುವುದು, ಪುಟ್ಟಿ ಬಕೆಟ್ಟನ್ನು ಹೊತ್ತು ಮಾರುಕಟ್ಟೆಯ ಹಿಂದಿದ್ದ ಮರದ ಬುಡಕ್ಕೆ ಹಾಕುವುದು. ತಿಳಿಯದೆ ಬಂದ ಅತ್ತೆ ಬಾಗಿಲಲ್ಲೇ ನಿಂತಳು. ಅಣ್ಣನ ಮುಖ ನೋಡಿದಳು, ಪುಟ್ಟಿಯ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ಚೊಂಬು ಎತ್ತಿಕೊಂಡಳು. ತಳ ಕಂಡಾಗ ಅಲ್ಲಿ ಹಸಿರು ಪಾಚಿ, ಅಂಗಿಯ ಒಂದು ಗುಂಡಿ, ಯಾವುದೋ ಮಗುವಿನ ಹಾಲುಹಲ್ಲು. ಹಲ್ಲನ್ನು ಅಪ್ಪ ಜೇಬಿಗೆ ಹಾಕಿಕೊಂಡರು.

ಸುದ್ದಿ ಹರಡಲು ಡಂಗುರ ಬೇಕಿರಲಿಲ್ಲ. ಯಾರೂ ಜಗಳಕ್ಕೆ ಬರಲಿಲ್ಲ. ಅವರದು ಜಗಳವಾಡುವ ಪಂಗಡವಲ್ಲ. ಕೆಲವರು ಪುಟ್ಟಿಯನ್ನು ಬೀದಿಯಲ್ಲಿ ಕಂಡಾಗ ಮೊದಲಿನಂತೆಯೇ ಮಾತಾಡಿಸಿದರು. ಒಬ್ಬ ಮುದುಕಿ ಮಾತ್ರ, "ನನ್ನದೂ ಲೆಕ್ಕಕ್ಕೆ ಬಂತಾ ಪುಟ್ಟಿ?" ಎಂದು ಕೇಳಿದಳು. ದೂರಾಗಿ ಅಲ್ಲ, ತಿಳಿದುಕೊಳ್ಳಬೇಕೆಂದು.

ಮಾರ್ಚ್ ಕೊನೆಗೆ ಕಟ್ಟಡ ಬಿತ್ತು. ಹೊಸ ಭವನದ 'ಇತರೆ' ಕೊಠಡಿಯಲ್ಲಿ ಅವರಿಗೆ ಗುರುವಾರ ಸಂಜೆ ನಾಲ್ಕರಿಂದ ಐದು. ಅಧಿಕಾರಿ ತಾನೇ ಬಂದು ಬೀಗ ತೆಗೆದುಕೊಟ್ಟ. ಕೊಠಡಿ ಬೆಳ್ಳಗಿತ್ತು, ಕುರ್ಚಿಗಳಿದ್ದವು, ಗೋಡೆಗೆ ಮೊಳೆ ಹೊಡೆಯಬೇಡಿ ಎಂದು ಬರೆದಿತ್ತು. ಮೊದಲ ಗುರುವಾರ ಬಂದವರು ಬಾಟಲಿಯಲ್ಲಿ ನೀರು ತಂದು, ಎಲ್ಲಿಗೆ ಸುರಿಯಬೇಕೋ ತಿಳಿಯದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕೊನೆಗೆ ಬಾಯಾರಿದವರು ಕುಡಿದರು. ಮುಂದಿನ ಗುರುವಾರ ಬಂದವರು ಕಡಿಮೆ. ಎಷ್ಟು ಕಡಿಮೆ ಎಂದು ಪುಟ್ಟಿ ನೋಡದಿರಲು ಪ್ರಯತ್ನಿಸಿದಳು.

ತೊಟ್ಟಿಯನ್ನು ಆರು ಜನ ಕೂಲಿಗಳು ಲಾರಿಯಲ್ಲಿ ತಂದು ಪುಟ್ಟಿಯ ಮನೆಯಿದ್ದ ಕಟ್ಟಡದ ಮೆಟ್ಟಿಲ ಕೆಳಗೆ ಇಳಿಸಿದರು. ಮೂರನೇ ಮಹಡಿಗೆ ಅದು ಏರುವಂತಿರಲಿಲ್ಲ. ನೆರೆಯವರು ಸೊಳ್ಳೆ ಎಂದರು, ಸೈಕಲ್ಲಿಗೆ ಜಾಗವಿಲ್ಲ ಎಂದರು. ಆಮೇಲೆ ಸುಮ್ಮನಾದರು. ಬೊಗಸೆಯವರು ಊರಿನ ಮೂಲೆಮೂಲೆಯಲ್ಲಿದ್ದರು. ಬೇರೆಯವರ ಕಟ್ಟಡದ ಗೇಟು ದಾಟಿ, ಕಾವಲುಗಾರನಿಗೆ ಕಾರಣ ಹೇಳಿ, ಸೈಕಲ್ಲುಗಳ ನಡುವೆ ನುಸುಳಿ ಬಂದು ನೀರು ಸುರಿಯುವವರು ಯಾರು? ಮೊದಲೊಂದೆರಡು ವಾರ ಯಾರೋ ಬಂದರು, ಆಮೇಲೆ ನಿಂತಿತು.

ಅಪ್ಪ ಮಾತ್ರ ಬೆಳಗ್ಗೆ ಆರಕ್ಕೆ ಗೋಡೆ ಹಿಡಿದುಕೊಂಡು ಮೂರು ಮಹಡಿ ಇಳಿದು, ಒಂದು ಬೊಗಸೆ ಸುರಿದು, ಮತ್ತೆ ಹತ್ತಿ ಬರುತ್ತಿದ್ದರು. ಮಂಡಿನೋವಿಗೆ ಶಾಪ ಹಾಕುತ್ತಾ ಅತ್ತೆಯೂ ಇಳಿಯುತ್ತಿದ್ದಳು. "ಹನಿಹನಿ ಗೂಡಿದರೆ ಹಳ್ಳ ಅಂತಾರಲ್ಲ ಪುಟ್ಟಿ, ತುಂಬುತ್ತೆ ಬಿಡು" ಎಂದು ಅಪ್ಪ ಒಮ್ಮೆ ಅಂದರು.

ಪುಟ್ಟಿ "ಹೂಂ" ಎಂದಳು. ಮೆಟ್ಟಿಲ ಕೆಳಗಿನ ಗಾಳಿಗೆ ಆ ತೊಟ್ಟಿಯಿಂದ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ನೀರು ಆರಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ತುಂಬಲು ದಿನಕ್ಕೆ ಆರು ಬೊಗಸೆ ಬೇಕು. ಐದಾದರೆ ತೊಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ. ಪ್ರಮುಖ, ಸಣ್ಣದು, ಇತರೆ ಎಂಬುದೆಲ್ಲ ಆಮೇಲಿನ ಮಾತು. ಮೊದಲು ಗಾಳಿ ಕುಡಿಯುವುದಕ್ಕಿಂತ ಜನ ಸುರಿಯುವುದು ಹೆಚ್ಚಿರಬೇಕು. ದೊಡ್ಡ ಧರ್ಮಗಳಿಗೆ ಈ ಲೆಕ್ಕ ಎಂದೂ ಬೇಕಾಗಿರಲಿಲ್ಲ. ಇಲ್ಲಿ ಸುರಿಯುವವರು ಇಬ್ಬರು. ತಾನು ಸುರಿದರೂ ಮೂವರೇ, ಮತ್ತು ಅಳೆದ ಕೈ ಸುರಿಯುವಂತಿಲ್ಲ. ಅದನ್ನು ಅಪ್ಪ ಎಂದೂ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ಆರು ಎಂಬ ಆ ಒಂದು ಅಂಕಿಯನ್ನು ಅಪ್ಪನಿಗೆ ಹೇಳಿ ಅವರು ಇಳಿಯುವುದನ್ನು ನಿಲ್ಲಿಸಲೂ ಆಗದು, ಹೇಳದೆ ದಿನಾ ಇಳಿಯುವುದನ್ನು ನೋಡಲೂ ಆಗದು. ಹೇಳದೇ ಇದ್ದಳು.

ಜೂನ್ ತಿಂಗಳ ಒಂದು ಬೆಳಗ್ಗೆ ಕೆಲಸಕ್ಕೆ ಹೊರಟವಳು ಮೆಟ್ಟಿಲ ಕೆಳಗೆ ನಿಂತಳು. ಅಪ್ಪ ಮತ್ತು ಅತ್ತೆ ಸುರಿದು ಮೇಲೆ ಹೋಗಿ ಎರಡು ಗಂಟೆಯಾಗಿತ್ತು. ಕಲ್ಲಿನ ಮೇಲೆ ಬಿದ್ದ ಹನಿಗಳು ಆಗಲೇ ಆರಿದ್ದವು. ಇಳಿಸಿದವರು ಸಮವಾಗಿ ಇಡದ ತೊಟ್ಟಿ ಗೋಡೆಯ ಕಡೆಗೆ ವಾಲಿತ್ತು, ಉಳಿದ ನೀರು ಆ ಮೂಲೆಯಲ್ಲಿ ಸೇರಿಕೊಂಡಿತ್ತು. ಪಟ್ಟಿ ಕೈಚೀಲದಲ್ಲೇ ಇತ್ತು, ಅವಳು ಅದನ್ನು ಮುಟ್ಟಲಿಲ್ಲ. ಕಣ್ಣಿಗೆ ಪಟ್ಟಿ ಬೇಕಿರಲಿಲ್ಲ. ಬೇರೆ ಕಡೆ ನೋಡಬೇಕೆಂದುಕೊಂಡಳು, ಅಷ್ಟರಲ್ಲಿ ನೋಡಿಯಾಗಿತ್ತು. ನೀರಿನ ಆಳ ಮೂರು ಮಿಲಿಮೀಟರ್.